ಪ್ರಧಾನಮಂತ್ರಿಗಳನ್ನು ತೂಗುವ ತಕ್ಕಡಿ



ದೆಹಲಿಯಲ್ಲಿ ಬೆಳೆಯುವ ಬಾಲಕ ಬಾಲಿಕೆಯರಿಗೆ ಒಂದು ವಿಶೇಷ ಸೌಕರ್ಯವುಂಟು. ದೂರದ ಊರುಗಳ ವಿದ್ಯಾರ್ಥಿಗಳು ಪುಸ್ತಕದ ಚಿತ್ರಗಳಲ್ಲಿ ಮಾತ್ರ ಕಾಣುವ ಪಾರ್ಲಿಮೆಂಟು, ರಾಷ್ಟ್ರಪತಿ ಭವನ, ಶಾಂತಿವನ, ವಿಜಯಘಾಟ ಮೊದಲಾದ ಸ್ಥಳಗಳು ಇವರಿಗೆ ಬಸ್ಸಿನ ಕಿಟಕಿಯಿಂದಲೇ ಕಾಣಸಿಗುತ್ತವೆ. ತೀನ್ ಮೂರ್ತಿ ಆವರಣವೂ ಅಂಥದೊಂದು ಸ್ಥಳ. ಜವಾಹರಲಾಲ ನೆಹರು ಅವರು ಪ್ರಧಾನಮಂತ್ರಿಗಳಾಗಿ 16 ವರ್ಷಗಳ ಕಾಲ ವಾಸವಾಗಿದ್ದ ಆ ಆವರಣದಲ್ಲಿಯೇ 2022ರ ಏಪ್ರಿಲ್ 14ರಂದು ಪ್ರಧಾನಮಂತ್ರಿ ಸಂಗ್ರಹಾಲಯವು ತೆರೆಯಿತು. ಕಾಂಗ್ರೆಸ್ಸಿನವರು, ಜನತಾ ಪಕ್ಷದವರು, ಜನತಾ ದಳದವರು, ಭಾರತೀಯ ಜನತಾ ಪಕ್ಷದವರು, ಹೀಗೆ ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೆಣಗಿದವರೆಲ್ಲರೂ ಅಲ್ಲಿ ಒಂದೇ ಸೂರಿನ ಕೆಳಗೆ ಸ್ಥಾನ ಪಡೆದಿದ್ದಾರೆ.

ಇಂಥ ಸ್ಥಳವನ್ನು ನೋಡಿ ಬಂದವರ ನಾಲಿಗೆಯ ಮೇಲೆ ಸಹಜವಾಗಿ ಬರುವ ಪ್ರಶ್ನೆಯೆಂದರೆ, ಇವರೆಲ್ಲರಲ್ಲಿ ದೊಡ್ಡವರು ಯಾರು ಎಂಬುದು. ಮನೆಯಲ್ಲಿ ಅಜ್ಜನ ಉತ್ತರ ಒಂದಾದರೆ ತಂದೆಯ ಉತ್ತರ ಮತ್ತೊಂದು; ನೆರೆಮನೆಯವರ ಉತ್ತರ ಬೇರೆಯೇ. ವಾದವು ಜಗಳಕ್ಕೆ ತಿರುಗಿ, ಸಂಜೆಯ ಕಾಫಿ ಆರಿಹೋಗುವುದೂ ಉಂಟು. ಆದರೂ ಈ ಚರ್ಚೆ ವ್ಯರ್ಥವೆಂದು ತಿಳಿಯಲಾಗದು. ಪ್ರಜಾಪ್ರಭುತ್ವದಲ್ಲಿ ಇಂದಿನ ಆಳ್ವಿಕೆಯನ್ನು ಹಿಂದಿನ ಆಳ್ವಿಕೆಯೊಡನೆ ಹೋಲಿಸುವುದು ಪ್ರಜೆಯ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಆದರೆ ತೂಗುವವನ ಬಳಿ ತಕ್ಕಡಿ ಸರಿಯಾಗಿರಬೇಕು. ತನ್ನ ಪಕ್ಷದವರಿಗೊಂದು ಬಟ್ಟು, ಎದುರು ಪಕ್ಷದವರಿಗೊಂದು ಬಟ್ಟು ಇಟ್ಟುಕೊಂಡ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ? ವಿಚಾರದ ಅಂಗಡಿಯಲ್ಲಿಯೂ ಆ ಹೆಸರು ನಮಗೆ ಬಾರದಿರಬೇಕಾದರೆ ಕೆಲವು ನಿಯಮಗಳನ್ನು ತಿಳಿದಿರಬೇಕು. ಅವುಗಳ ವಿವೇಚನೆಯೇ ಈ ಪಾಠದ ಉದ್ದೇಶ.

ಅಮೆರಿಕದ ಉದಾಹರಣೆ

ಈ ವಿಷಯದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವ ನಮಗಿಂತ ಹಳೆಯದು. ಅಲ್ಲಿ ಡೆಮೊಕ್ರಾಟಿಕ್ ಮತ್ತು ರಿಪಬ್ಲಿಕನ್ ಎಂಬ ಎರಡು ದೊಡ್ಡ ಪಕ್ಷಗಳು ಬಹುಕಾಲದಿಂದ ಅಧಿಕಾರವನ್ನು ಅದಲುಬದಲು ಮಾಡಿಕೊಳ್ಳುತ್ತ ಬಂದಿವೆ. ಹಳೆಯ ಅಧ್ಯಕ್ಷರನ್ನು ಹೊಸಬರೊಡನೆ ಹೋಲಿಸುವುದಕ್ಕಾಗಿ ಇತಿಹಾಸಕಾರರ ಮತವನ್ನು ಸಂಗ್ರಹಿಸುವ ಪದ್ಧತಿಯೂ ಅಲ್ಲಿದೆ. ಆರ್ಥರ್ ಶ್ಲೆಸಿಂಜರ್ ಎಂಬ ಪ್ರೊಫೆಸರರು 1948ರಲ್ಲಿ 55 ಮಂದಿ ವಿದ್ವಾಂಸರನ್ನೂ 1962ರಲ್ಲಿ 75 ಮಂದಿಯನ್ನೂ ಕೇಳಿ ಇಂಥ ಪಟ್ಟಿಗಳನ್ನು ಪ್ರಕಟಿಸಿದರು.

1962ರ ಪಟ್ಟಿಯಲ್ಲಿ ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರ್ ಅವರಿಗೆ ದೊರೆತದ್ದು ಸಾಮಾನ್ಯ ಅಧ್ಯಕ್ಷರ ಸಾಲಿನ ಕೊನೆಯ ಭಾಗ. ಅವರು ಅಧಿಕಾರ ಬಿಟ್ಟು ಆಗ ಹೆಚ್ಚೆಂದರೆ ಒಂದೂವರೆ ವರ್ಷ ಕಳೆದಿತ್ತು. ಆದರೆ 2017 ಮತ್ತು 2021ರಲ್ಲಿ ಸಿ-ಸ್ಪ್ಯಾನ್ ಎಂಬ ದೂರದರ್ಶನ ಸಂಸ್ಥೆ ಇತಿಹಾಸಕಾರರನ್ನು ಕೇಳಿದಾಗ ಅದೇ ಐಸೆನ್‌ಹೋವರ್ 5ನೆಯ ಸ್ಥಾನಕ್ಕೆ ಏರಿದ್ದರು. ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದ ಡೆಮೊಕ್ರಾಟಿಕ್ ಪಕ್ಷದ ಟ್ರೂಮನ್ ಅವರ ಕಥೆಯೂ ಹೀಗೆಯೇ. 1952ರ ಆರಂಭದಲ್ಲಿ ಅವರ ಆಡಳಿತವನ್ನು ಒಪ್ಪುತ್ತಿದ್ದವರು ನೂರಕ್ಕೆ 22 ಮಂದಿ ಮಾತ್ರ. 2021ರ ಪಟ್ಟಿಯಲ್ಲಿ ಅವರು 6ನೆಯವರು. ಸತ್ತವರು ಹೊಸದಾಗಿ ಏನನ್ನೂ ಮಾಡಲಿಲ್ಲ. ಗುಟ್ಟಿನ ಕಾಗದಪತ್ರಗಳು ಬೆಳಕಿಗೆ ಬಂದವು, ಆಗ ನೆಟ್ಟದ್ದು ಮರವಾಯಿತು, ಆಗಿನ ಸಿಟ್ಟು ಇಳಿಯಿತು. ಹೀಗಾಗಿ ತೂಕ ಬದಲಾಯಿತು.

ಇನ್ನೊಂದು ಸಂಗತಿಯನ್ನೂ ಅಮೆರಿಕದಿಂದಲೇ ಕಲಿಯಬಹುದು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಕೀರ್ತಿ ಯಾವ ಅಧ್ಯಕ್ಷರದು? ನಾಸಾ ಸಂಸ್ಥೆ ಹುಟ್ಟಿದ್ದು 1958ರಲ್ಲಿ, ಐಸೆನ್‌ಹೋವರ್ ಅವರ ಕಾಲದಲ್ಲಿ. ಆ ದಶಕ ಮುಗಿಯುವುದರೊಳಗೆ ಚಂದ್ರನನ್ನು ಮುಟ್ಟಬೇಕೆಂದು 1961ರ ಮೇ 25ರಂದು ಅಲ್ಲಿನ ಕಾಂಗ್ರೆಸ್ ಸಭೆಯೆದುರು ಸಾರಿದವರು ಡೆಮೊಕ್ರಾಟಿಕ್ ಪಕ್ಷದ ಕೆನೆಡಿ. 1963ರಲ್ಲಿ ಅವರು ಕೊಲೆಯಾದ ಮೇಲೆ ಹಣವನ್ನೊದಗಿಸಿ ಕಾರ್ಯವನ್ನು ಮುನ್ನಡೆಸಿದವರು ಅದೇ ಪಕ್ಷದ ಜಾನ್ಸನ್. 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಶ್ವೇತಭವನದಿಂದ ಟೆಲಿಫೋನಿನಲ್ಲಿ ಅಭಿನಂದಿಸಿದವರು ರಿಪಬ್ಲಿಕನ್ ಪಕ್ಷದ ನಿಕ್ಸನ್. ಅವರು ಅಧಿಕಾರಕ್ಕೆ ಬಂದು ಆಗಿದ್ದುದು ಆರು ತಿಂಗಳು ಮಾತ್ರ. 1960ರ ಚುನಾವಣೆಯಲ್ಲಿ ಕೆನೆಡಿಯವರೆದುರು ಸೋತವರೂ ಅವರೇ. ಆದರೂ ಚಂದ್ರನ ಮೇಲೆ ಬಿಟ್ಟುಬಂದ ಫಲಕದಲ್ಲಿ ಯಾತ್ರಿಕರ ಹೆಸರುಗಳೊಡನೆ ಇರುವುದು ನಿಕ್ಸನ್ನರ ಸಹಿ. ಆ ಫಲಕವೊಂದನ್ನೇ ಓದಿದವನು ನಿಕ್ಸನ್ನರೇ ಎಲ್ಲವನ್ನೂ ಮಾಡಿದರೆಂದುಕೊಂಡಾನು. ಕೆನೆಡಿಯವರ ಭಾಷಣವೊಂದನ್ನೇ ಕೇಳಿದವನು ಉಳಿದವರನ್ನು ಮರೆತಾನು. ಇಬ್ಬರದೂ ಅರ್ಧ ಸತ್ಯವೇ ಸರಿ.

ಕಾಲವನ್ನೂ ಬಲವನ್ನೂ ನೋಡಬೇಕು

ಈಗ ನಮ್ಮ ದೇಶಕ್ಕೆ ಬರೋಣ. ಅಮೆರಿಕದ ಅಧ್ಯಕ್ಷರಿಗೆ ನಾಲ್ಕು ವರ್ಷಗಳ ನಿಶ್ಚಿತ ಅವಧಿಯುಂಟು. ನಮ್ಮ ಪ್ರಧಾನಮಂತ್ರಿಗಳಿಗೆ ಅದಿಲ್ಲ. ಲೋಕಸಭೆಯ ವಿಶ್ವಾಸವಿರುವವರೆಗೆ ಮಾತ್ರ ಅವರು ಆ ಸ್ಥಾನದಲ್ಲಿರತಕ್ಕವರು. ನೆಹರು ಅವರು ಸುಮಾರು 17 ವರ್ಷ ಆಳಿದರು. ಅಟಲ ಬಿಹಾರಿ ವಾಜಪೇಯಿಯವರ ಮೊದಲ ಸರಕಾರ 1996ರಲ್ಲಿ 13 ದಿನಗಳಷ್ಟೇ ನಡೆಯಿತು. 1984ರ ಚುನಾವಣೆಯಲ್ಲಿ ರಾಜೀವ ಗಾಂಧಿಯವರ ಕಾಂಗ್ರೆಸ್ಸಿಗೆ 400ಕ್ಕೂ ಹೆಚ್ಚು ಸ್ಥಾನಗಳು ದೊರೆತವು. 1996ರಲ್ಲಿ ಕನ್ನಡನಾಡಿನ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾದಾಗ ಅವರ ಜನತಾ ದಳಕ್ಕಿದ್ದುದು 46 ಸ್ಥಾನಗಳು. ಉಳಿದ ಬಲವೆಲ್ಲ ಸಂಯುಕ್ತ ರಂಗದ ಜೊತೆಗಾರ ಪಕ್ಷಗಳದು ಮತ್ತು ಹೊರಗಿನಿಂದ ಬೆಂಬಲವಿತ್ತ ಕಾಂಗ್ರೆಸ್ಸಿನದು. ಆ ಬೆಂಬಲ 1997ರ ಮಾರ್ಚಿ ತಿಂಗಳ ಕೊನೆಯಲ್ಲಿ ಹಿಂತೆಗೆಯಲ್ಪಟ್ಟಿತು; ಏಪ್ರಿಲಿನಲ್ಲಿ ಸರಕಾರ ಬಿದ್ದಿತು. ಹನ್ನೊಂದು ತಿಂಗಳೂ ತುಂಬದ ಆಳ್ವಿಕೆಯನ್ನು ಹದಿನೇಳು ವರ್ಷಗಳ ಆಳ್ವಿಕೆಯ ಪಕ್ಕದಲ್ಲಿಟ್ಟು, ಯಾರು ಹೆಚ್ಚು ಅಣೆಕಟ್ಟು ಕಟ್ಟಿಸಿದರು ಎಂದು ಎಣಿಸುವುದು ನ್ಯಾಯವಲ್ಲ. ಹತ್ತು ಎಕರೆಯವನನ್ನೂ ಹತ್ತು ಗುಂಟೆಯವನನ್ನೂ ಹೋಲಿಸುವಾಗ ಒಟ್ಟು ಮೂಟೆಗಳನ್ನಲ್ಲ, ಇದ್ದ ನೆಲದಲ್ಲಿ ಬೆಳೆದದ್ದೆಷ್ಟು ಎಂಬುದನ್ನು ನೋಡಬೇಕು.

ಬಿತ್ತಿದವರು, ಕೊಯ್ದವರು

ಎರಡನೆಯ ನಿಯಮ ಇದಕ್ಕಿಂತಲೂ ಮುಖ್ಯವಾದದ್ದು. ಒಬ್ಬರ ಅಧಿಕಾರದ ಅವಧಿಯೇ ಬೇರೆ, ಒಂದು ಕಾರ್ಯದ ಆಯುಸ್ಸೇ ಬೇರೆ. ನಿಮ್ಮಲ್ಲಿ ಹಲವರು ಪ್ರತಿದಿನ ಶಾಲೆಗೆ ಬರುವ ಮೆಟ್ರೋ ರೈಲನ್ನೇ ತೆಗೆದುಕೊಳ್ಳಿ. ಅದನ್ನು ನಡೆಸುವ ಸಂಸ್ಥೆ 1995ರ ಮೇ ತಿಂಗಳಲ್ಲಿ ಸ್ಥಾಪಿತವಾಯಿತು. ಆಗ ಕೇಂದ್ರದಲ್ಲಿ ಕಾಂಗ್ರೆಸ್ಸಿನ ಪಿ. ವಿ. ನರಸಿಂಹರಾಯರು, ದೆಹಲಿಯಲ್ಲಿ ಭಾರತೀಯ ಜನತಾ ಪಕ್ಷದ ಮದನಲಾಲ ಖುರಾನಾ. ಎದುರಾಳಿ ಪಕ್ಷಗಳ ಆ ಎರಡು ಸರಕಾರಗಳೂ ಸಂಸ್ಥೆಯಲ್ಲಿ ಸಮಪಾಲುದಾರರಾದವು. ಮೊದಲ ಹಂತದ ಯೋಜನೆಗೆ ಕೇಂದ್ರದ ಮಂತ್ರಿಮಂಡಲ ಒಪ್ಪಿಗೆ ನೀಡಿದ್ದು 1996ರ ಸೆಪ್ಟೆಂಬರಿನಲ್ಲಿ, ದೇವೇಗೌಡರ ಕಾಲದಲ್ಲಿ. ಇ. ಶ್ರೀಧರನ್ ಅವರು ಸಂಸ್ಥೆಯ ಮುಖ್ಯ ನಿರ್ದೇಶಕರಾದದ್ದು 1997ರಲ್ಲಿ, ಇಂದ್ರಕುಮಾರ ಗುಜ್ರಾಲರ ಕಾಲದಲ್ಲಿ. ಕಾಮಗಾರಿ ಆರಂಭವಾದದ್ದು 1998ರ ಅಕ್ಟೋಬರಿನಲ್ಲಿ, ವಾಜಪೇಯಿಯವರ ಕಾಲದಲ್ಲಿ. 2002ರ ಡಿಸೆಂಬರ್ 24ರಂದು ಶಾಹದರಾದಿಂದ ತೀಸ್ ಹಜಾರಿಯವರೆಗಿನ ಮೊದಲ ಮಾರ್ಗವನ್ನು ವಾಜಪೇಯಿಯವರು ಉದ್ಘಾಟಿಸಿದಾಗ ದೆಹಲಿಯ ಮುಖ್ಯಮಂತ್ರಿ ಕಾಂಗ್ರೆಸ್ಸಿನ ಶೀಲಾ ದೀಕ್ಷಿತ್. ಸುಮಾರು 65 ಕಿಲೋಮೀಟರುಗಳ ಮೊದಲ ಹಂತ ಪೂರ್ಣಗೊಂಡದ್ದು ಮನಮೋಹನ ಸಿಂಗರ ಕಾಲದಲ್ಲಿ. ಮಾರ್ಗವು ಮುಂದೆ ನೋಯ್ಡಾ, ಗುರುಗ್ರಾಮ, ಫರೀದಾಬಾದು, ಗಾಜಿಯಾಬಾದುಗಳಿಗೂ ಹಬ್ಬಿತು.

ಈ ಸರಣಿಯಲ್ಲಿ ಯಾರೊಬ್ಬರು ತಾನು ಹಿಂದಿನವರ ಕಾರ್ಯವನ್ನು ಮುಂದುವರಿಸೆನೆಂದು ಹಟ ಹಿಡಿದಿದ್ದರೂ ನಾವು ಇಂದಿಗೂ ಬಸ್ಸಿಗಾಗಿ ಬಿಸಿಲಿನಲ್ಲಿ ನಿಂತಿರಬೇಕಾಗಿತ್ತು. ಯೋಚಿಸಿದ್ದು, ಒಪ್ಪಿದ್ದು, ಹಣ ಕೊಟ್ಟದ್ದು, ಕಟ್ಟಿದ್ದು, ಮುಗಿಸಿದ್ದು ಇವೆಲ್ಲವೂ ಬೇರೆ ಬೇರೆ ಪುಣ್ಯಗಳು. ಅಡಿಗಲ್ಲನ್ನು ನೆಟ್ಟವರೇ ಎಲ್ಲ ಮಾಡಿದರೆನ್ನುವುದೂ ತಪ್ಪು, ರಿಬ್ಬನ್ ಕತ್ತರಿಸಿದವರೇ ಎಲ್ಲ ಮಾಡಿದರೆನ್ನುವುದೂ ತಪ್ಪು.

ಇನ್ನೊಂದು ದೃಷ್ಟಾಂತವು ನಮ್ಮ ಕನ್ನಡನಾಡಿನಿಂದಲೇ ಹೊರಟದ್ದು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯಿದೆಯನ್ನು ತಂದಿತು. ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬರು ಅದರ ಹಿಂದಿನ ಶಕ್ತಿ. ನೂರಕ್ಕೆ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ಆ ವ್ಯವಸ್ಥೆಯಲ್ಲಿ 1987ರಲ್ಲಿ ಚುನಾವಣೆಗಳು ನಡೆದವು. ಪಂಚಾಯತಿಗಳಿಗೆ ರಾಜ್ಯಾಂಗದಲ್ಲಿಯೇ ಸ್ಥಾನ ಕೊಡಬೇಕೆಂದು ಕಾಂಗ್ರೆಸ್ಸಿನ ರಾಜೀವ ಗಾಂಧಿಯವರು 1989ರಲ್ಲಿ ತಿದ್ದುಪಡಿಯ ಮಸೂದೆಯನ್ನು ತಂದರು. ಅದು ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ನರಸಿಂಹರಾಯರ ಕಾಲದಲ್ಲಿ, 1992ರ ಡಿಸೆಂಬರಿನಲ್ಲಿ, 73ನೆಯ ತಿದ್ದುಪಡಿಯಾಗಿ ಅಂಗೀಕೃತವಾಗಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಮಹಿಳೆಯರ ಪಾಲು ಮೂರನೆಯ ಒಂದು ಭಾಗಕ್ಕೆ ಏರಿತು. ಲೋಕಸಭೆ, ವಿಧಾನಸಭೆಗಳಲ್ಲಿಯೂ ಹೀಗೆಯೇ ಆಗಬೇಕೆಂಬ ಮಸೂದೆಯನ್ನು 1996ರ ಸೆಪ್ಟೆಂಬರಿನಲ್ಲಿ ಮೊದಲು ಮಂಡಿಸಿದ್ದು ದೇವೇಗೌಡರ ಸರಕಾರ. ವಾಜಪೇಯಿಯವರ ಸರಕಾರವೂ ಪ್ರಯತ್ನಿಸಿತು. ಮನಮೋಹನ ಸಿಂಗರ ಕಾಲದಲ್ಲಿ, 2010ರ ಮಾರ್ಚಿ 9ರಂದು, ರಾಜ್ಯಸಭೆ ಒಪ್ಪಿದರೂ ಲೋಕಸಭೆಯಲ್ಲಿ ಅದು ಮುಂದುವರಿಯಲಿಲ್ಲ. ಕಡೆಗೆ 2023ರ ಸೆಪ್ಟೆಂಬರಿನಲ್ಲಿ ನರೇಂದ್ರ ಮೋದಿಯವರ ಸರಕಾರ ತಂದ ಮಸೂದೆ ಲೋಕಸಭೆಯಲ್ಲಿ 454 ಮತಗಳಿಂದ ಅಂಗೀಕೃತವಾಯಿತು. ವಿರೋಧವಾಗಿ ಬಿದ್ದವು 2 ಮತಗಳು. 27 ವರ್ಷಗಳ ಈ ದಾರಿಯಲ್ಲಿ ಯಾವ ಪಕ್ಷದ ಹೆಸರನ್ನು ಅಳಿಸಿದರೂ ಲೆಕ್ಕ ತಪ್ಪುತ್ತದೆ.

ಒಂದೇ ಬಟ್ಟು

ಮೂರನೆಯ ನಿಯಮ: ಒಂದೇ ಕಾರ್ಯಕ್ಕೆ ಒಂದೇ ಬೆಲೆ ಕಟ್ಟಬೇಕು. 1991ರಲ್ಲಿ ದೇಶದ ವಿದೇಶೀ ಹಣದ ಬೊಕ್ಕಸ ಬರಿದಾಗುತ್ತ ಬಂದು, ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿಯಿತು. ಆಗ ಚಂದ್ರಶೇಖರ ಅವರ ಸರಕಾರ ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ವಿದೇಶಕ್ಕೆ ಕಳುಹಿಸಿ ಹಣ ತಂದಿತು. ಮನೆಯ ಚಿನ್ನವನ್ನು ಅಡವಿಡುವುದೆಂದರೆ ನಮ್ಮಲ್ಲಿ ಮಾನ ಹೋದಂತೆ. ಜನ ಬಹಳವಾಗಿ ನೊಂದರು. ಚುನಾವಣೆಯಲ್ಲಿ ಸರಕಾರ ಬದಲಾಯಿತು. ಜುಲೈಯಲ್ಲಿ ನರಸಿಂಹರಾಯರ ಸರಕಾರವೂ ಅದೇ ಕಾರಣಕ್ಕೆ ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟಿತು. ಜೊತೆಗೇ ಅರ್ಥಮಂತ್ರಿ ಮನಮೋಹನ ಸಿಂಗರ ಮೂಲಕ ಆರ್ಥಿಕ ನೀತಿಯನ್ನು ಬದಲಿಸಿತು. ಮೊದಲನೆಯವರು ಮಾಡಿದ್ದು ಅವಮಾನ, ಎರಡನೆಯವರು ಮಾಡಿದ್ದು ಜಾಣತನ ಎನ್ನುವವನ ತಕ್ಕಡಿಯಲ್ಲಿ ದೋಷವಿದೆ. ಚಿನ್ನದ ವಿಷಯದಲ್ಲಿ ಇಬ್ಬರೂ ಸಮಾನರು. ಆಮೇಲಿನ ನೀತಿಯ ವಿಷಯದಲ್ಲಿ ಬೇಕಾದರೆ ವ್ಯತ್ಯಾಸವನ್ನು ಹೇಳಿರಿ.

ಒಬ್ಬರೇ ವ್ಯಕ್ತಿಯಲ್ಲಿ ಗುಣವೂ ದೋಷವೂ ಕೂಡಿರುವುದುಂಟು. ಇಂದಿರಾ ಗಾಂಧಿಯವರ ಕಾಲದಲ್ಲಿ, 1971ರ ಡಿಸೆಂಬರ್ 16ರಂದು, ಬಾಂಗ್ಲಾದೇಶ ವಿಮೋಚನೆ ಹೊಂದಿತು. ಅವರೇ 1975ರ ಜೂನ್ 25ರಂದು ತುರ್ತು ಪರಿಸ್ಥಿತಿಯನ್ನು ಹೇರಿ ವಿರೋಧಿ ನಾಯಕರನ್ನು ಸೆರೆಯಲ್ಲಿಟ್ಟರು, ಪತ್ರಿಕೆಗಳ ಬಾಯಿ ಕಟ್ಟಿದರು. 1977ರಲ್ಲಿ ಚುನಾವಣೆ ನಡೆಸಿ, ಸೋತು, ಅಧಿಕಾರ ಬಿಟ್ಟುಕೊಟ್ಟವರೂ ಅವರೇ. ಅನಂತರ ಬಂದ ಮೊರಾರ್ಜಿ ದೇಸಾಯಿಯವರ ಜನತಾ ಸರಕಾರ 1978ರ 44ನೆಯ ತಿದ್ದುಪಡಿಯ ಮೂಲಕ ಅಂಥ ಪರಿಸ್ಥಿತಿ ಸುಲಭವಾಗಿ ಮರುಕಳಿಸದಂತೆ ಬೇಲಿ ಹಾಕಿತು. ಆದರೆ ಒಳಜಗಳದಿಂದ 28 ತಿಂಗಳಲ್ಲಿಯೇ ಒಡೆಯಿತು. ವಿಜಯವನ್ನು ತೋರಿಸಿ ಸೆರೆಮನೆಯನ್ನು ಮರೆಸಬಾರದು. ಸೆರೆಮನೆಯನ್ನು ತೋರಿಸಿ ವಿಜಯವನ್ನು ಅಳಿಸಬಾರದು. ಜಮಾ ಖರ್ಚುಗಳೆರಡನ್ನೂ ಪುಸ್ತಕದಲ್ಲಿ ಬರೆದಿಡುವುದೇ ಪ್ರಾಮಾಣಿಕ ಗುಮಾಸ್ತನ ಲಕ್ಷಣ.

ಹಿಂದಿನವರನ್ನು ನಡೆಸಿಕೊಂಡ ಬಗೆ

ನಾಲ್ಕನೆಯದಾಗಿ, ಬಂದವರು ಹೋದವರನ್ನು ಹೇಗೆ ಕಂಡರು ಎಂಬುದನ್ನೂ ನೋಡಬೇಕು. ತುರ್ತು ಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿಯವರು ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದರು. ಅಲ್ಲಿಯೇ ಅವರನ್ನು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಕಳುಹಿಸಲಾಯಿತು. ಎರಡು ವರ್ಷ ತುಂಬುವುದರೊಳಗೆ, 1977ರಲ್ಲಿ, ಅವರು ವಿದೇಶಾಂಗ ಮಂತ್ರಿಗಳಾಗಿ ದೆಹಲಿಯ ಸೌತ್ ಬ್ಲಾಕನ್ನು ಪ್ರವೇಶಿಸಿದರು. ಅಲ್ಲಿ ಹಿಂದೆ ತಾವು ಕಂಡಿದ್ದ ನೆಹರು ಅವರ ಚಿತ್ರಪಟ ಗೋಡೆಯಲ್ಲಿರಲಿಲ್ಲ. ಹೊಸ ಮಂತ್ರಿಗಳಿಗೆ ಹಿತವಾಗಲಾರದೆಂದು ಯಾರೋ ತೆಗೆದಿದ್ದರು. ಅದೆಲ್ಲಿ ಹೋಯಿತೆಂದು ತಾವು ಕೇಳಿದುದನ್ನೂ, ಅದು ಮತ್ತೆ ಅದೇ ಜಾಗಕ್ಕೆ ಬಂದುದನ್ನೂ ವಾಜಪೇಯಿಯವರು ಮುಂದೆ ಪಾರ್ಲಿಮೆಂಟಿನಲ್ಲಿ ಹೇಳಿದರು. ತಮ್ಮನ್ನು ಸೆರೆಗೆ ಕಳುಹಿಸಿದವರ ತಂದೆಯ ಚಿತ್ರ ಅದು. ನೆಹರು ಅವರ ನೀತಿಗಳನ್ನು ವಾಜಪೇಯಿಯವರು ಸಭೆಯಲ್ಲಿ ಎಷ್ಟೋ ಬಾರಿ ಕಟುವಾಗಿ ಟೀಕಿಸಿದ್ದರು; ಆ ಟೀಕೆಯನ್ನು ಅವರು ಹಿಂತೆಗೆದುಕೊಳ್ಳಲೂ ಇಲ್ಲ. ಚಿತ್ರವಿರುವುದು ಬೇರೆ, ಅಭಿಪ್ರಾಯವಿರುವುದು ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು. 1994ರಲ್ಲಿ ಜಿನೀವಾದ ಮಾನವಹಕ್ಕುಗಳ ಸಭೆಗೆ ಭಾರತದ ನಿಯೋಗ ಹೋಗಬೇಕಾದಾಗ ಪ್ರಧಾನಮಂತ್ರಿ ನರಸಿಂಹರಾಯರು ಅದರ ನಾಯಕತ್ವವನ್ನು ವಿರೋಧ ಪಕ್ಷದ ನಾಯಕರಾಗಿದ್ದ ಇದೇ ವಾಜಪೇಯಿಯವರಿಗೆ ವಹಿಸಿದರು.

ಎರಡು ಸಂದೇಹಗಳು

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಎಲ್ಲರಿಗೂ ಪಾಲು ಹಂಚಿಬಿಟ್ಟರೆ ಮೇಲುಕೀಳೆಂಬುದೇ ಇಲ್ಲವೆ? ಖಂಡಿತ ಉಂಟು. ಒಂದೇ ಅವಕಾಶವನ್ನು ಒಬ್ಬರು ಬಳಸಿಕೊಂಡಾರು, ಇನ್ನೊಬ್ಬರು ಕಳೆದುಕೊಂಡಾರು. ಆದರೆ ದೊಡ್ಡವರು ಯಾರು ಎಂದು ಕೇಳುವ ಬದಲು, ಯಾವ ಕಾರ್ಯದಲ್ಲಿ, ಯಾವ ಬಲದಿಂದ, ಯಾರು ಏನು ಮಾಡಿದರು ಎಂದು ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂದೇಹ ನಮ್ಮ ನಮ್ಮಲ್ಲಿಯೇ ಇರುವಂಥದು. ದೇವೇಗೌಡರು ಕನ್ನಡಿಗರಾದುದರಿಂದ ಅವರ ಹೆಸರು ಬಂದಾಗ ನಮ್ಮ ಎದೆ ಉಬ್ಬುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಆಗ ನೆನೆಯಬೇಕು. ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಯ ಮೇಲಿನ ಬೋಗಿಬೀಲ್ ಸೇತುವೆಗೆ ಅಡಿಗಲ್ಲಿಟ್ಟವರು ಅವರು, 1997ರ ಜನವರಿಯಲ್ಲಿ. ಕಾಮಗಾರಿ ಆರಂಭವಾದದ್ದು 2002ರಲ್ಲಿ, ವಾಜಪೇಯಿಯವರಿಂದ. ಸೇತುವೆ ತೆರೆದದ್ದು 2018ರ ಡಿಸೆಂಬರ್ 25ರಂದು, ಮೋದಿಯವರಿಂದ. ನಮ್ಮವರ ಅಡಿಗಲ್ಲನ್ನು ಯಾರೂ ಮರೆಯಬಾರದೆಂದು ನಾವು ಬಯಸುವುದಾದರೆ, ಅನ್ಯರ ಅಡಿಗಲ್ಲುಗಳನ್ನು ನಾವೂ ಮರೆಯಬಾರದು. ಕನ್ನಡಿಗರೆಂಬ ಕಾರಣಕ್ಕೆ ಒಂದು ಗುಲಗಂಜಿಯನ್ನೂ ಹೆಚ್ಚು ಹಾಕಬೇಕಾಗಿಲ್ಲ. ಒಂದನ್ನೂ ತೆಗೆಯಬೇಕಾಗಿಯೂ ಇಲ್ಲ.

ಮಿತ್ರರೆ, ಇದು ಪರೀಕ್ಷೆಗಾಗಿ ಮಾತ್ರ ಓದತಕ್ಕ ವಿಷಯವಲ್ಲ. ಕೆಲವೇ ವರ್ಷಗಳಲ್ಲಿ ನಿಮ್ಮ ಬೆರಳಿಗೂ ಮತದಾನದ ಮಸಿ ಬೀಳಲಿದೆ. ಆ ಹಕ್ಕು ಮೊದಲು 21 ವರ್ಷದವರಿಗಿತ್ತು. 61ನೆಯ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು. ಅದನ್ನು ತಂದದ್ದು ರಾಜೀವ ಗಾಂಧಿಯವರ ಸರಕಾರ. ಅದೇ ವರ್ಷ ಹೊಸ ಮತದಾರರೂ ಸೇರಿ ಮತ ಹಾಕಿದ ಚುನಾವಣೆಯಲ್ಲಿ ಆ ಸರಕಾರ ಸೋತಿತು. ಹಕ್ಕನ್ನು ಕೊಟ್ಟವರಿಗೇ ಮತವನ್ನೂ ಕೊಡಬೇಕೆಂಬ ಋಣವಿಲ್ಲ. ಆದರೆ ಕೊಟ್ಟವರು ಯಾರೆಂದು ತಿಳಿದು, ಒಪ್ಪಿ, ಆಮೇಲೆ ನಿಮಗೆ ಸರಿತೋರಿದವರಿಗೆ ಮತ ಹಾಕಿರಿ.

ಅಭ್ಯಾಸ

1. ನಿಮ್ಮ ಬಡಾವಣೆಯ ರಸ್ತೆ, ಸೇತುವೆ, ಆಸ್ಪತ್ರೆ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದನ್ನು ಯೋಚಿಸಿದ್ದು, ಒಪ್ಪಿದ್ದು, ಮುಗಿಸಿದ್ದು ಯಾವ ಯಾವ ವರ್ಷ, ಯಾರ ಯಾರ ಕಾಲದಲ್ಲಿ ಎಂಬುದನ್ನು ಪಟ್ಟಿಮಾಡಿರಿ.
2. ನಿಮಗೆ ಅತ್ಯಂತ ಪ್ರಿಯರಾದ ಪ್ರಧಾನಮಂತ್ರಿಯವರ ಒಂದು ದೋಷವನ್ನೂ, ಅಪ್ರಿಯರಾದವರ ಒಂದು ಸಾಧನೆಯನ್ನೂ ವರ್ಷಸಹಿತ ಬರೆಯಿರಿ.
3. ಐಸೆನ್‌ಹೋವರ್ ಅವರ ಸ್ಥಾನ 1962ರ ಪಟ್ಟಿಗಿಂತ 2021ರ ಪಟ್ಟಿಯಲ್ಲಿ ಮೇಲೇರಲು ಕಾರಣಗಳೇನಿರಬಹುದು? ತರಗತಿಯಲ್ಲಿ ಚರ್ಚಿಸಿರಿ.
4. ಮನೆಯ ಹಿರಿಯರೊಬ್ಬರನ್ನು ಕೇಳಿ, 1977ರ ಅಥವಾ 1991ರ ಬಗೆಗೆ ಅವರ ಅಭಿಪ್ರಾಯವನ್ನು ಬರೆದುಕೊಳ್ಳಿರಿ. ಆಗಿನ ಅಭಿಪ್ರಾಯಕ್ಕೂ ಈಗಿನದಕ್ಕೂ ವ್ಯತ್ಯಾಸವಿದ್ದರೆ ಅದನ್ನೂ ತಿಳಿಸಿರಿ.